ಅಲುಗದ ಹಗ್ಗ

ಹೊಳೆಯ ದಂಡೆಯ ಮೇಲೆ ಅಡಿವೆಜ್ಜನ ಆಶ್ರಮ. ಆಶ್ರಮವೆಂದರೆ ದೊಡ್ಡದೇನಲ್ಲ. ನಾಲ್ಕು ಮಣ್ಣಿನ ಗೋಡೆ, ಒಂದು ಬೇವಿನ ಮರ, ಗೋಡೆಗೆ ಒರಗಿಸಿಟ್ಟ ಹಾರೆ ಗುದ್ದಲಿಗಳು.

ಅಲ್ಲಿ ಮಂತ್ರ ಕಡಿಮೆ, ಮಣ್ಣು ಹೆಚ್ಚು. ಕುಡಿಯುವ ನೀರಿಲ್ಲದ ಊರಿನವರು ಬಂದು ಕೇಳಿದರೆ ಅಜ್ಜ ಶಿಷ್ಯರನ್ನು ಕಟ್ಟಿಕೊಂಡು ಹೋಗಿ ಬಾವಿ ತೋಡಿಕೊಟ್ಟು ಬರುತ್ತಿದ್ದರು. ಹರೆಯದಲ್ಲಿ ಅವರೇ ಬಾವಿ ತೋಡುವ ಆಳಾಗಿದ್ದವರು. ದೇವರ ಹುಡುಕಾಟ ಆಮೇಲೆ, ಮೊದಲು ನೀರು ಹುಡುಕಿ ಎನ್ನುವುದೇ ಅವರ ಉಪದೇಶ. ಇದನ್ನು ಕೇಳಿ ಅರ್ಧ ಜನ ಶಿಷ್ಯರು ಮೊದಲ ವಾರವೇ ಬೇರೆ ಮಠ ಹುಡುಕಿಕೊಂಡು ಹೋಗುತ್ತಿದ್ದರು.

ಉಳಿದವರಿಗೆ ಅಜ್ಜ ಮೊದಲು ಕಲಿಸುತ್ತಿದ್ದದ್ದು ಅಗೆಯುವುದನ್ನಲ್ಲ, ಹಗ್ಗ ಹಿಡಿಯುವುದನ್ನು.

ಬಾವಿಗೆ ಇಳಿದವನ ಸೊಂಟಕ್ಕೆ ಒಂದು ಹಗ್ಗ ಕಟ್ಟಿರುತ್ತಿತ್ತು. ಅದಕ್ಕೆ ಜೀವದ ಹಗ್ಗ ಎಂದೇ ಹೆಸರು. ಅದರ ಇನ್ನೊಂದು ತುದಿ ರಾಟೆಯ ಗಾಲಿಯ ಮೇಲೆ ಹಾದು ಮೇಲಿದ್ದವರ ಕೈಯಲ್ಲಿರುತ್ತಿತ್ತು. ಬಾವಿ ಆಳವಾದಂತೆ ಕೆಳಗಿನ ಕೂಗು ಮೇಲೆ ಬರುವಷ್ಟರಲ್ಲಿ ಬರೀ ಸದ್ದಾಗುತ್ತದೆ, ಮಾತಾಗಿ ಉಳಿಯುವುದಿಲ್ಲ. ಹಾಗಾಗಿ ಕೆಳಗಿದ್ದವನಿಗೆ ಏನಾದರೂ ಅನುಮಾನ ಬಂದರೆ ಹಗ್ಗ ಅಲುಗಿಸಬೇಕು.

ಶಂಭುಲಿಂಗನೆಂಬ ಶಿಷ್ಯ ಬಂದ ದಿನ ಅಜ್ಜ ಅವನ ಕೈಗೆ ಹಗ್ಗ ಕೊಟ್ಟು ಕೇಳಿದರು.

"ಹಗ್ಗ ಅಲುಗಿದ್ರ ಏನ್ ಮಾಡ್ತಿ ತಮ್ಮಾ?"

"ಬಗ್ಗಿ ನೋಡಿ, ಯಾಕಂತ ಕೇಳ್ತೇನ್ರಿ."

"ತಪ್ಪು. ಮೊದಲ ಎಳಿ. ಕೇಳೂದು ಆಮ್ಯಾಲೆ."

ಇನ್ನೊಂದು ಪದ್ಧತಿಯೂ ಇತ್ತು. ಹಗ್ಗ ಅಲುಗಿಸಿ ಮೇಲೆ ಬಂದವನಿಗೆ, ಯಾರೂ ಏನೂ ಕೇಳುವ ಮೊದಲು, ತಂಡದ ಮುಂದಾಳು ಕೈಯಾರೆ ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಕೊಡಬೇಕು. ಕೆಳಗೆ ಮಣ್ಣು ಕುಸಿದಿದ್ದರೂ ಬೆಲ್ಲ. ಏನೂ ಆಗದೆ ಬರೀ ಹೆದರಿ ಬಂದಿದ್ದರೂ ಬೆಲ್ಲ. ಅವನು ತಿಂದು, ಕುಡಿದು, ಬಾಯಿ ಒರೆಸಿಕೊಂಡ ಮೇಲೆ ಮುಂದಿನ ಮಾತು.

"ಸುಮ್ಮಸುಮ್ಮನ ಹೆದರಿ ಬಂದವಂಗ ಯಾಕ್ರಿ ಬೆಲ್ಲ?" ಎಂದು ಶಂಭುಲಿಂಗ ಕೇಳಿದ್ದ.

"ಹೆದರಿದವನ ಬಾಯಿ ಕಹಿ ಆಗಿರ್ತೈತಿ," ಅಂದಿದ್ದರು ಅಜ್ಜ.

ಮುದುಕರಿಗೆ ಕರುಳು ಮೆತ್ತಗೆ ಎಂದುಕೊಂಡು ಶಂಭುಲಿಂಗ ಸುಮ್ಮನಾಗಿದ್ದ.

ಕೆಲಸವನ್ನು ಅವನು ಎಲ್ಲರಿಗಿಂತ ಬೇಗ ಕಲಿತ. ಎಲ್ಲರಿಗಿಂತ ಮೊದಲು ಏಳುವವನು ಅವನು, ಎಲ್ಲರೂ ಉಂಡ ಮೇಲೆ ಉಣ್ಣುವವನು ಅವನು. ಹಾರೆಯ ಮೊನೆ ಮೊಂಡಾದದ್ದನ್ನು ದೂರದಿಂದ ಸದ್ದು ಕೇಳಿಯೇ ಹೇಳುತ್ತಿದ್ದ. ಕೆಲಸ ಬಿಟ್ಟು ಹರಟುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ತನ್ನ ಮೈ ಉಳಿಸಿಕೊಂಡವನಲ್ಲ, ಬೇರೆಯವರಿಗೂ ಉಳಿಸಿಕೊಳ್ಳಲು ಬಿಟ್ಟವನಲ್ಲ. ಇಂಥವನು ಮುಂದಾಳಾಗದೆ ಇನ್ಯಾರು ಆಗಬೇಕು? ಅವನಿಗೂ ಹಾಗೇ ಅನಿಸುತ್ತಿತ್ತು.

ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟ.

"ಅಜ್ಜಾರ, ಗುಡ್ಡದ ಕೆಳಗಿನ ಊರಿನ ಬಾವಿ ನನಗ ವಹಿಸ್ರಿ. ನಾ ಮುಂದ ನಿಂತು ಮಾಡಿಸ್ತೇನಿ."

"ನಿನಗ ಅಗಿಯೂದು ಬರ್ತೈತಿ, ಖರೆ. ಮಂದಿ ಕೈಲೆ ಅಗಿಸೂದು ಬರ್ತೈತೇನು?"

"ತಾನು ಮಾಡಿದವಂಗ ಮಾಡಿಸಾಕ ಬರೂದಿಲ್ಲೇನ್ರಿ? ಆಳಾಗಬಲ್ಲವ ಅರಸ ಆಗಬಲ್ಲ ಅಂತಾರಲ್ರಿ."

ಅಜ್ಜ ಎದ್ದರು. ಒಳಗೆ ಹೋಗಿ ಬೆಲ್ಲದ ಗಡಿಗೆ ತಂದು ಅವನ ಕೈಗಿಟ್ಟರು. ಕಂಠದವರೆಗೆ ತುಂಬಿತ್ತು.

"ಇದನ್ನ ಖಾಲಿ ಮಾಡ್ಕೊಂಡು ಬಾ," ಅಂದರು.

ಶಂಭುಲಿಂಗ ಕಾಲಿಗೆ ಬಿದ್ದು ಗಡಿಗೆ ಎತ್ತಿಕೊಂಡ. ಅದನ್ನು ಯಾಕೆ ಖಾಲಿ ಮಾಡಬೇಕೆಂದು ಕೇಳಲಿಲ್ಲ. ಬಾವಿಯನ್ನು ಯಾವಾಗ ಮುಗಿಸಬೇಕೆಂದು ಕೇಳಿದ.

ತಂಡದಲ್ಲಿ ಅಗೆಯುವವರ ಪೈಕಿ ಮೊದಲಿಗ ದ್ಯಾಮಣ್ಣ. ಆಶ್ರಮದ ಶಿಷ್ಯನಲ್ಲ, ಆದರೆ ಅಜ್ಜನ ಹಿಂದೆ ಹತ್ತಾರು ಬಾವಿಗಳನ್ನು ಇಳಿದವನು. ದೊಡ್ಡ ಮೈ, ದೊಡ್ಡ ದನಿ, ನಕ್ಕರೆ ಬಾವಿಯೊಳಗಿಂದ ನಗಾರಿ ಬಾರಿಸಿದಂತೆ ಕೇಳುತ್ತಿತ್ತು. ಅವನ ಹೆಂಡತಿ ನಿಂಬೆವ್ವ ಮೇಲೆ ಬಂದ ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಜೀವದ ಹಗ್ಗದ ತುದಿ ಹಿಡಿಯುವವನು ಫಕೀರಪ್ಪ, ತಲೆ ನರೆತ ಆಳು, ಮಾತು ಕಡಿಮೆ.

ಶುರುವಿನಲ್ಲಿ ಎಲ್ಲ ಪದ್ಧತಿಯ ಪ್ರಕಾರವೇ ನಡೆಯಿತು. ದ್ಯಾಮಣ್ಣ ಹಗ್ಗ ಅಲುಗಿಸಿದ. ಫಕೀರಪ್ಪನೂ ಇನ್ನಿಬ್ಬರೂ ಎಳೆದರು. ಶಂಭುಲಿಂಗ ಬೆಲ್ಲ ಕೊಟ್ಟ, ನೀರು ಕೊಟ್ಟ, ಆಮೇಲೆ ಕೇಳಿದ.

"ಏನಾತು?"

"ಮಗ್ಗಲ ಗ್ವಾಡಿ ಒಳಗ ಏನೋ ಸರದಂಗಾತ್ರಿ ಅಣ್ಣಾರ."

ಶಂಭುಲಿಂಗ ತಾನೇ ಇಳಿದು ನೋಡಿದ. ಗೋಡೆ ಗಟ್ಟಿಯಾಗಿತ್ತು.

ಎರಡು ದಿನ ಬಿಟ್ಟು ಮತ್ತೆ ಹಗ್ಗ ಅಲುಗಿತು. ಮತ್ತೆ ಏನೂ ಇರಲಿಲ್ಲ. ದ್ಯಾಮಣ್ಣ ಬೆಲ್ಲ ಚೀಪುತ್ತ, "ಬೆಲ್ಲ ಭಾಳ ಚಲೋ ಐತ್ರಿ," ಅಂದ.

ಶಂಭುಲಿಂಗನಿಗೆ ನಗು ಬರಲಿಲ್ಲ. ಒಬ್ಬನನ್ನು ಎಳೆದು ಮೇಲೆ ತಂದು, ಬೆಲ್ಲ ತಿನ್ನಿಸಿ, ಮತ್ತೆ ಇಳಿಸುವಷ್ಟರಲ್ಲಿ ಹೊತ್ತು ಏರುತ್ತಿತ್ತು. ಅಷ್ಟು ಜನ ಕೈಕಟ್ಟಿ ನಿಲ್ಲುವುದನ್ನು ನೋಡುತ್ತ ಅವನು ತಪ್ಪಿಹೋದ ಬುಟ್ಟಿಗಳನ್ನು ಎಣಿಸುತ್ತಿದ್ದ.

ಮುಂದಿನ ಸಲ ಹಗ್ಗ ಅಲುಗಿದಾಗ ಊರ ಹಿರಿಯರು ಕೆಲಸ ನೋಡಲು ಬಂದು ನಿಂತಿದ್ದರು. ಹೊಸ ಮುಂದಾಳು ಹೇಗೆ ಮಾಡಿಸುತ್ತಾನೆ ಎನ್ನುವ ಕುತೂಹಲ ಅವರಿಗೆ, ಚೆನ್ನಾಗಿ ಕಾಣಿಸಬೇಕೆಂಬ ಆಸೆ ಇವನಿಗೆ. ಇಂಥ ಹೊತ್ತಿನಲ್ಲೇ ದ್ಯಾಮಣ್ಣ ಮೇಲೆ ಬಂದ, ಮೈಯೆಲ್ಲ ಮಣ್ಣು, ಕೈ ಮುಂದೆ ಚಾಚಿಕೊಂಡು.

"ಬರ್ರಿ ಬರ್ರಿ," ಅಂದ ಶಂಭುಲಿಂಗ, ಊರವರ ಕಡೆ ತಿರುಗಿ. "ಬೆಲ್ಲದ ದ್ಯಾಮಣ್ಣ ಬಂದ. ಯಾರರ ನೊಣಾ ಓಡಿಸ್ರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಊರ ಹಿರಿಯರು ನಕ್ಕರು, ಆಳುಗಳು ನಕ್ಕರು. ದ್ಯಾಮಣ್ಣನೂ ನಕ್ಕ, ತನ್ನ ದೊಡ್ಡ ದನಿಯಲ್ಲೇ ನಕ್ಕ. ನಗುತ್ತಲೇ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಧೋತರಕ್ಕೆ ಒರೆಸಿಕೊಂಡ.

ಬುಟ್ಟಿ ಹೊತ್ತಿದ್ದ ನಿಂಬೆವ್ವ ಮಾತ್ರ ನಗಲಿಲ್ಲ.

ಆ ದಿನ ಶಂಭುಲಿಂಗ ಬೆಲ್ಲ ಕೊಡಲಿಲ್ಲ. ದ್ಯಾಮಣ್ಣ ಕೇಳಲೂ ಇಲ್ಲ. ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು ಶಂಭುಲಿಂಗ ಅದನ್ನು ಮರದ ಕೊಂಬೆಗೆ ತೂಗುಹಾಕಿದ.

ಅಲ್ಲಿಂದ ಮುಂದೆ ಹಗ್ಗ ಅಲುಗಲಿಲ್ಲ.

ಕೆಲಸ ಏನು ಓಡಿತು ಅಂತೀರಿ! ಬುಟ್ಟಿಯ ಹಿಂದೆ ಬುಟ್ಟಿ, ಹೊತ್ತು ಹುಟ್ಟಿದಾಗಿನಿಂದ ಮುಳುಗುವತನಕ ಹಾರೆಯ ಸದ್ದು ನಿಲ್ಲಲಿಲ್ಲ. ಬಾವಿ ದಿನದಿನಕ್ಕೆ ಆಳವಾಯಿತು. ಕರಿ ಮಣ್ಣು ಮುಗಿದು ಹರಳುಗಲ್ಲಿನ ಗರಸು ಬಂತು, ಗರಸು ಮುಗಿದು ಉಸುಕು ಬಂತು. ಉಸುಕು ಬಂತೆಂದರೆ ನೀರು ಹತ್ತಿರ. ಶಂಭುಲಿಂಗ ಹಿಗ್ಗಿ ಹೀರೇಕಾಯಿ ಆದ.

ಒಂದು ಸಂಜೆ ಫಕೀರಪ್ಪ ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದು ನಿಂತ.

"ಅಣ್ಣಾರ, ಹಗ್ಗ ಅಲುಗಲಾರದ ಭಾಳ ದಿನಾ ಆತ್ರಿ."

"ಒಳ್ಳೇದಲ್ಲೇನು?"

ಫಕೀರಪ್ಪ ಅವನ ಮುಖ ನೋಡಿದ. ಆ ಮುಖಕ್ಕೆ ಯಾವ ಉತ್ತರ ಬೇಕಾಗಿದೆ ಎಂದು ಅವನಿಗೆ ತಿಳಿಯಿತು.

"ಒಳ್ಳೇದ ಇರಬೇಕ್ರಿ," ಅಂದು ಹೊರಟುಹೋದ.

ಮರುದಿನ ಮುಂಜಾನೆ ಶಂಭುಲಿಂಗ ಕೆಲಸ ಹಚ್ಚಿಕೊಟ್ಟು ಆಶ್ರಮಕ್ಕೆ ಹೋದ. ಗುರುವಿಗೆ ವರದಿ ಒಪ್ಪಿಸುವುದು ಅವನ ನೆವ. ಬೆನ್ನು ತಟ್ಟಿಸಿಕೊಳ್ಳುವುದು ಅವನ ಆಸೆ.

ಅಜ್ಜ ಬೇವಿನ ಮರದ ಕೆಳಗೆ ಕುಳಿತು ನಾರಿನಿಂದ ಹಗ್ಗ ಹೊಸೆಯುತ್ತಿದ್ದರು.

"ಬಂದೇನು ತಮ್ಮಾ? ಕೆಲಸ ಹೆಂಗ ನಡದೈತಿ?"

"ಚಲೋ ನಡದೈತ್ರಿ ಅಜ್ಜಾರ. ನೀವು ಹೇಳಿದ್ದಕ್ಕಿಂತ ಮೊದಲ ಮುಗೀತೈತಿ."

"ಆಳುಗಳು ಜಗಳ ಗಿಗಳ ಮಾಡಿದ್ರೇನು?"

"ಒಬ್ಬರೂ ಎದುರ ಮಾತಾಡಿಲ್ರಿ."

"ಮಣ್ಣು?"

"ಉಸುಕಿಗೆ ಬಂದೇವ್ರಿ."

"ಹಗ್ಗ ಎಷ್ಟು ಸಲ ಅಲುಗಿತು?"

ಶಂಭುಲಿಂಗ ಈ ಪ್ರಶ್ನೆಗೇ ಕಾಯುತ್ತಿದ್ದ. ಬಗಲಲ್ಲಿ ಹಿಡಿದು ತಂದಿದ್ದ ಗಡಿಗೆಯನ್ನು ಅಜ್ಜನ ಮುಂದಿಟ್ಟು ಬಟ್ಟೆ ಬಿಚ್ಚಿದ.

"ನೋಡ್ರಿ. ಶುರುವಿನಾಗ ಎರಡು ತುಣುಕು ಹೋತು, ಅಷ್ಟ. ಆಮ್ಯಾಲೆ ಒಂದ ಸಲನೂ ಅಲುಗಿಲ್ರಿ. ಒಬ್ಬರಿಗೂ ಸುಳ್ಳು ಹೆದರಿಕಿ ಇಲ್ಲ. ತುಂಬಿದ ಗಡಿಗಿ ತುಂಬಿದಂಗ ಐತಿ."

ಅಜ್ಜನ ಕೈ ನಿಂತಿತು. ಗಡಿಗೆ ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

"ಉಸುಕಿನಾಗ ಇಳಿದಾರ," ಅಂದರು ಮೆಲ್ಲಗೆ. "ಹಗ್ಗ ಅಲುಗಿಲ್ಲ."

"ಹೌದ್ರಿ."

"ಈಗ ಕೆಳಗ ಯಾರದಾರ?"

"ದ್ಯಾಮಣ್ಣ ಅದಾನ್ರಿ."

ಅಜ್ಜ ನಾರನ್ನು ಅಲ್ಲೇ ಬಿಟ್ಟು ಎದ್ದರು. ಕೆರ ಮೆಟ್ಟಲಿಲ್ಲ, ಕೋಲು ಹಿಡಿಯಲಿಲ್ಲ, ಬರಿಗಾಲಲ್ಲೇ ದಾರಿಗಿಳಿದರು.

"ಅಜ್ಜಾರ, ನಾ ಏನ್ ತಪ್ಪು ಮಾಡಿದೆ?"

"ಓಡು."

"ಅಜ್ಜಾರ..."

"ನಾ ಮುದುಕ, ನನ್ನ ಕೈಲೆ ಆಗೂದಿಲ್ಲ. ನೀ ಓಡು. ಮೊದಲ ಅವನ್ನ ಮ್ಯಾಲೆ ತಗಿ."

ಶಂಭುಲಿಂಗ ಓಡಿದ. ಯಾಕೆಂದು ತಿಳಿಯದೆಯೇ ಓಡಿದ. ಉಸುಕು ಸರಿಯದೆ ಇರುವುದಿಲ್ಲ, ಆದರೂ ಹಗ್ಗ ಅಲುಗಿಲ್ಲ ಎನ್ನುವುದರ ಅರ್ಥ ಅರ್ಧ ದಾರಿಯಲ್ಲಿ ಅವನಿಗೆ ತಿಳಿಯಿತು, ಆಮೇಲೆ ಉಸಿರು ಬಿಗಿಹಿಡಿದು ಓಡಿದ. ಗುಡ್ಡ ತಿರುಗಿದಾಗ ಕಿವಿಗೊಟ್ಟ. ಹಾರೆಯ ಸದ್ದು ಕೇಳಲಿಲ್ಲ. ಜನ ಬಾವಿಯ ಸುತ್ತ ಗುಂಪಾಗಿ ನಿಂತಿದ್ದರು.

ಒಂದು ಮಗ್ಗುಲು ಪೂರ್ತಿ ಜಾರಿ ಕೆಳಗೆ ಹೋಗಿತ್ತು.

ಫಕೀರಪ್ಪ ಇನ್ನೂ ಹಗ್ಗ ಹಿಡಿದೇ ನಿಂತಿದ್ದ. ಹಗ್ಗ ಬಿಗಿಯಾಗಿತ್ತು. ಎಳೆದರೆ ಬರುತ್ತಿರಲಿಲ್ಲ.

ಶಂಭುಲಿಂಗ ಇಳಿದ. ಹಾರೆ ಹಾಕಲು ಧೈರ್ಯ ಬರಲಿಲ್ಲ, ಕೈಯಲ್ಲೇ ತೋಡಿದ. ಉಗುರು ಕಿತ್ತುಬಂದವು. ಉಸುಕು ತೆಗೆದಷ್ಟೂ ಮತ್ತೆ ಸುರಿಯುತ್ತಿತ್ತು. ಆಳುಗಳು ಒಬ್ಬರಾದ ಮೇಲೆ ಒಬ್ಬರು ಇಳಿದರು. ಅಜ್ಜ ಬಂದು ಬಾವಿಯ ಕಂಠದಲ್ಲಿ ಕುಳಿತು, ಫಕೀರಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು, ಮಡಿಲಲ್ಲಿ ಇಟ್ಟುಕೊಂಡರು. ಹೊತ್ತು ಮುಳುಗುವ ಮುಂಚೆ ದ್ಯಾಮಣ್ಣನನ್ನು ಮೇಲೆ ತಂದರು. ಅವನ ಬಾಯಿ ತುಂಬ ಉಸುಕಿತ್ತು.

ಶಂಭುಲಿಂಗ ಫಕೀರಪ್ಪನ ತೋಳು ಹಿಡಿದುಕೊಂಡ.

"ಹಗ್ಗ ಅಲುಗಿತ್ತೇನು?"

"ಇಲ್ರಿ."

"ಖರೆ ಹೇಳು."

"ದೇವರಾಣಿ ಇಲ್ರಿ. ಮುಂಜಾನಿಂದ ಉಸುಕು ಉದುರಾಕತ್ತಿತ್ತು. ಬುಟ್ಟಿ ತುಂಬ ಅದ ಬರಾಕತ್ತಿತ್ತು. ನಾವೂ ಕಂಡೇವ್ರಿ."

"ಕಂಡೂ ಯಾಕ ಸುಮ್ಮನಿದ್ರಿ?"

"ನೀವು ಇರಲಿಲ್ಲಲ್ರಿ," ಅಂದ ಫಕೀರಪ್ಪ. ನೆಲ ನೋಡುತ್ತ ಅಂದ: "ಇದ್ದಿದ್ರೂ ಹೇಳ್ತಿರಲಿಲ್ರಿ."

ಮಣ್ಣು ಮಾಡಿ ಬಂದ ಮೇಲೆ ಶಂಭುಲಿಂಗ ನಿಂಬೆವ್ವನ ಗುಡಿಸಲಿಗೆ ಹೋದ. ಹೋಗದೇ ಇರಬಹುದಿತ್ತು. ಹೋದದ್ದು ಒಂದೇ ಅವನು ಆ ವಾರ ಮಾಡಿದ ಸರಿಯಾದ ಕೆಲಸ.

ಅವಳು ಕಂಬಕ್ಕೆ ಒರಗಿ ಕುಳಿತಿದ್ದಳು.

"ತಂಗೀ," ಅಂದ. ಹೊಸ್ತಿಲ ಹೊರಗೇ ಕುಳಿತ.

"ಹಿಂದಿನ ದಿನ ಉಣ್ಣೂ ಮುಂದ ನಮ್ಮನಿಯವರು ಹೇಳಿದ್ರು ಅಣ್ಣಾರ," ಅಂದಳು ನಿಂಬೆವ್ವ, ಯಾರಿಗೋ ಹೇಳುವಂತೆ. "ಉಸುಕು ಸಡ್ಲ ಐತಿ, ಮನಸಿಗೆ ಬರವಲ್ತು ಅಂದ್ರು. ಹಂಗಾರ ಹಗ್ಗ ಅಲುಗಸ್ರಿ, ಇಲ್ಲಾ ಅಣ್ಣಾರಿಗೆ ಹೇಳ್ರಿ ಅಂದೆ. ನಕ್ಕರು."

"ಏನಂದ?"

"ಊರ ಮಂದಿ ಮುಂದ ಮತ್ತ ಬೆಲ್ಲದ ದ್ಯಾಮಣ್ಣ ಆಗೂದು ಬ್ಯಾಡ ಅಂದ್ರು."



"ನಾ ಅದನ್ನ ನಗಚಾಟಿಗಿಗೆ ಅಂದಿದ್ದೆ, ತಂಗೀ."

"ನಗಚಾಟಿಗಿ ಅಂತ ಅವರಿಗೂ ಗೊತ್ತಿತ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಾದೆಯನ್ನು ಎಲ್ಲರೂ ಬಲ್ಲರು. ಆಡಿದ ಮಾತು ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಾಣುವ ಪಾಡು ಎಲ್ಲರಿಗೂ ಬರುವುದಿಲ್ಲ. ಶಂಭುಲಿಂಗನಿಗೆ ಬಂತು.

ಅವನು ಆಶ್ರಮಕ್ಕೆ ಬಂದು ಅಜ್ಜನ ಮುಂದೆ ಕುಸಿದ.

"ನನಗ ಶಿಕ್ಷಾ ಕೊಡ್ರಿ."

ಅಜ್ಜ ಅವನ ಕಿತ್ತ ಉಗುರುಗಳನ್ನು ನೋಡಿದರು.

"ನಾ ಈ ಕೆಲಸಕ್ಕ ಲಾಯಕ್ ಅಲ್ರಿ. ಗುಡ್ಡದ ಗವಿಗೆ ಹೋಗಿ ಮೌನ ಹಿಡೀತೇನಿ. ಇನ್ನ ಒಬ್ಬರಿಗೂ ಒಂದು ಮಾತು ಆಡೂದಿಲ್ಲ."

"ಹೋಗು. ಹೋಗೂದು ಸಸಾರ. ನೀ ಮೌನ ಹಿಡದ್ರ ಯಾರಿಗೇನು? ನಿನ್ನ ಮಂದಿ ಆಗಲೇ ಹಿಡದಾರ. ನೀ ಕೊಟ್ಟ ಮೌನನ ಅದು."

ಶಂಭುಲಿಂಗ ಅತ್ತ. ಅಳುವುದಕ್ಕೆ ಅಜ್ಜ ಬಿಟ್ಟರು.

ಅತ್ತು ಮುಗಿದ ಮೇಲೂ ಅವನೊಳಗೆ ಒಂದು ಮುಳ್ಳು ಉಳಿದಿತ್ತು. ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು. ಆದರೂ ಹೇಳಿದ.

"ಅಂವ ಬೆಲ್ಲದ ಆಸೆಗೆ ಅಲುಗಿಸ್ತಿದ್ದ, ಅಜ್ಜಾರ. ಅದೇನು ಸುಳ್ಳಲ್ಲ."

"ಸುಳ್ಳಲ್ಲ. ನನ್ನ ಕಾಲದಾಗೂ ಅಲುಗಿಸ್ತಿದ್ದ. ಬಿಸಲು ಏರಿದ್ರ ಅವಂಗ ಬೆಲ್ಲ ನೆನಪಾಗ್ತಿತ್ತು."

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಗೊತ್ತಿದ್ದೂ ಕೊಡ್ತಿದ್ರಿ?"

"ಕೊಡ್ತಿದ್ದೆ. ಒಂದ ಸಲನೂ ತಪ್ಪಿಸಿಲ್ಲ."

"ಸುಳ್ಳಿಗೆ ಬೆಲ್ಲಾ?"

"ಬೆಲ್ಲ ಅವಂಗ ಕೊಟ್ಟದ್ದಲ್ಲ," ಅಂದರು ಅಜ್ಜ. "ಹಗ್ಗಕ್ಕ ಕೊಟ್ಟದ್ದು."

ಹೊಳೆಯ ಕಡೆಯಿಂದ ಗಾಳಿ ಬಂತು. ಅರ್ಧ ಹೊಸೆದ ಹಗ್ಗ ಆ ದಿನ ಬಿಟ್ಟಲ್ಲೇ ಬಿದ್ದಿತ್ತು. ಅಜ್ಜ ಅದನ್ನು ಎತ್ತಿಕೊಂಡರು, ಹೊಸೆಯಲಿಲ್ಲ, ಕೈಯಲ್ಲಿ ಹಿಡಿದು ಕುಳಿತರು.

"ಕೇಳು," ಅಂದರು. "ಗಡಿಗಿ ನಿನ್ನ ಕೈಗಿಟ್ಟವ ನಾನು. ಬಿಡಿಸಿ ಹೇಳಲಿಲ್ಲ. ತಾನ ತಿಳಕೋತಾನ, ಇಲ್ಲಾ ಬಂದು ಕೇಳ್ತಾನ ಅಂತ ತಿಳದೆ. ಗುರು ಅನಿಸಿಕೊಂಡವಂಗ ಒಗಟು ಹೇಳೂ ಚಟ ಇರ್ತೈತಿ. ಆ ಚಟಕ್ಕ ಒಂದು ಜೀವ ಹೋತು. ಅದು ನನ್ನ ಪಾಲು, ನಾ ಸಾಯೂತನಕ ಹೊರತೇನಿ. ನಿನ್ನ ಪಾಲು ನೀ ಹೊರು. ಗವಿಯಾಗಲ್ಲ, ಬಾವಿ ಕಂಠದಾಗ ನಿಂತು ಹೊರು."

ದಿನಕರ್ಮಗಳು ಮುಗಿದವು. ಊರ ಹಿರಿಯರು ಸೇರಿ ಆ ಬಾವಿ ಮುಚ್ಚಿಬಿಡೋಣ ಅಂದರು. ಹೆಣ ಬಿದ್ದ ಬಾವಿ, ಅದರ ನೀರು ಯಾರು ಕುಡಿಯುತ್ತಾರೆ ಅಂದರು.

ನಿಂಬೆವ್ವ ಗುಂಪಿನ ಹಿಂದಿನಿಂದ ಅಂದಳು:

"ನಾ ಕುಡೀತೇನ್ರಿ. ಮುಚ್ಚಬ್ಯಾಡ್ರಿ."

ಮುಚ್ಚುವ ಮಾತು ಅಲ್ಲಿಗೆ ಮುಗಿಯಿತು. ಬಾವಿಯ ಬಾಯಿಯನ್ನು ಅಗಲಿಸಿದರು. ಸಡಿಲವಾಗಿದ್ದ ಮಗ್ಗುಲಿಗೆ ಕೆಳಗಿನಿಂದ ಕಲ್ಲು ಕಟ್ಟುತ್ತ ಬಂದರು. ಕಲ್ಲು ಮುಗಿದು, ಮತ್ತೆ ತಳ ಅಗೆಯುವ ದಿನ ಬಂದಾಗ ಇಳಿಯಲು ಒಬ್ಬರೂ ಮುಂದಾಗಲಿಲ್ಲ. ಯಾರೂ ಶಂಭುಲಿಂಗನನ್ನೂ ನೋಡಲಿಲ್ಲ, ಒಬ್ಬರನ್ನೊಬ್ಬರೂ ನೋಡಲಿಲ್ಲ.

ಶಂಭುಲಿಂಗ ಜೀವದ ಹಗ್ಗ ಎತ್ತಿ ತನ್ನ ಸೊಂಟಕ್ಕೆ ಕಟ್ಟಿಕೊಂಡ.

ಅಜ್ಜ ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದರು.

ಕೆಳಗೆ ತಂಪಾಗಿತ್ತು. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟಿತ್ತು. ಶಂಭುಲಿಂಗ ಹಾರೆ ಹಾಕಿದ. ಉಸುಕು ಒದ್ದೆಯಾಗಿತ್ತು, ನೀರು ಹತ್ತಿರದಲ್ಲೇ ಇತ್ತು. ಒಂದು ಬುಟ್ಟಿ ತುಂಬಿ ಕಳಿಸಿದ. ಎರಡನೆಯದು ತುಂಬುತ್ತಿದ್ದಾಗ ಬೆನ್ನ ಹಿಂದೆ ಏನೋ ಸರಿದ ಸದ್ದು ಕೇಳಿಸಿತು.

ತಿರುಗಿ ನೋಡಿದ. ಕಲ್ಲಿನ ಗೋಡೆ ಇದ್ದಂತೆಯೇ ಇತ್ತು. ಒಂದು ಸಂದಿಯಿಂದ ಚಿಟಿಕೆಯಷ್ಟು ಉಸುಕು ಉದುರಿ ನಿಂತಿತು. ಅಷ್ಟೇ.

ಕೈ ತಾನಾಗಿ ಹಗ್ಗಕ್ಕೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು.

ಚಿಟಿಕೆ ಉಸುಕು. ಇಷ್ಟಕ್ಕೇ ಹಗ್ಗ ಅಲುಗಿಸಿದರೆ ಮೇಲಿನವರು ಏನೆಂದಾರು? ದ್ಯಾಮಣ್ಣನನ್ನು ನೋಡಿ ನಕ್ಕವನು ಎರಡನೇ ಬುಟ್ಟಿಗೇ ಹೆದರಿದ ಎನ್ನುತ್ತಾರೆ. ಊರ ಹಿರಿಯರು ನಿಂತಿದ್ದಾರೆ. ಫಕೀರಪ್ಪ ನಿಂತಿದ್ದಾನೆ. ಸ್ವಲ್ಪ ತಡೆದು ನೋಡೋಣ. ಇನ್ನೊಂದು ಸಲ ಉದುರಿದರೆ ಆಗ ಅಲುಗಿಸಿದರಾಯಿತು.

ಹಾಗೆಂದುಕೊಂಡ ಮರುಗಳಿಗೆ ಅವನಿಗೆ ಹೊಳೆಯಿತು. ಇದೇ ಜಾಗದಲ್ಲಿ ನಿಂತು, ಇದೇ ಹಗ್ಗದ ಮೇಲೆ ಕೈಯಿಟ್ಟು, ಇದೇ ಮಾತನ್ನು ದ್ಯಾಮಣ್ಣ ಅಂದುಕೊಂಡಿದ್ದ. ಮಣ್ಣಿಗಿಂತ ಮೇಲಿನವರ ನಗು ಅವನಿಗೆ ಹೆಚ್ಚು ಭಾರವಾಗಿತ್ತು. ಆ ನಗುವನ್ನು ಹೊರಿಸಿ ಇಳಿಸಿದವನು ತಾನು.

ಶಂಭುಲಿಂಗನ ಬಾಯಿ ಕಹಿಯಾಯಿತು. ಬೇವು ಜಗಿದಷ್ಟು ಕಹಿ.

ಅವನು ಹಗ್ಗ ಅಲುಗಿಸಿದ.

ಮೇಲಿನಿಂದ ಯಾರೂ ಎಳೆಯಲಿಲ್ಲ.

ಮತ್ತೆ ಅಲುಗಿಸಿದ. ಮೇಲಿನಿಂದ ಯಾರದೋ ದನಿ ಬಂತು. ಬರೀ ಸದ್ದು, ಮಾತಲ್ಲ. ಏನೋ ಕೇಳುತ್ತಿದ್ದಾರೆ. ಎಳೆಯುವ ಮೊದಲು ಕೇಳುತ್ತಿದ್ದಾರೆ. ಆಶ್ರಮಕ್ಕೆ ಬಂದ ದಿನ ತಾನೇ ಕೊಟ್ಟಿದ್ದ ಉತ್ತರ ಅದು. ಇಲ್ಲಿಯೇ ಬಿಟ್ಟಾರು, ಬಿಟ್ಟರೂ ತಪ್ಪಿಲ್ಲ ಎಂದು ಅವನಿಗೆ ಅನಿಸಿತು. ಕಣ್ಣು ಮುಚ್ಚಿದ.

ಸೊಂಟಕ್ಕೆ ಹಗ್ಗ ಬಿಗಿಯಿತು. ಕಾಲು ನೆಲ ಬಿಟ್ಟವು.

ಮೇಲೆ ಬಂದು ಕಂಠದ ಕಲ್ಲು ಹಿಡಿದಾಗ ಅವನಿಗೆ ಮೊದಲು ಕಂಡದ್ದು ಹಗ್ಗ ಹಿಡಿದ ಎರಡು ಕೈಗಳು. ಬಳೆಯಿಲ್ಲದ ಕೈಗಳು. ಅಂಗೈಯ ಚರ್ಮ ಹಗ್ಗಕ್ಕೆ ಉಜ್ಜಿ ಕೆಂಪಾಗಿತ್ತು. ಎಲ್ಲರಿಗಿಂತ ಮುಂದೆ ನಿಂಬೆವ್ವ ನಿಂತಿದ್ದಳು. ಅವಳ ಹಿಂದೆ ಫಕೀರಪ್ಪ, ಅವನ ಹಿಂದೆ ಉಳಿದವರು.

ಯಾರೋ ಬಗ್ಗಿ ಬಾವಿಯೊಳಗೆ ನೋಡಿದರು.

"ಏನೂ ಆಗಿಲ್ಲಲ್ಲ," ಅಂದರು. "ಗ್ವಾಡಿ ಇದ್ದಂಗ ಐತಿ."

ಗುಂಪಿನಲ್ಲಿ ಒಬ್ಬ ನಗಲು ಹೋಗಿ ಬಾಯಿ ಮುಚ್ಚಿಕೊಂಡ. 

ಅಜ್ಜ ಗಡಿಗೆ ಹಿಡಿದುಕೊಂಡು ಬಂದರು. ಬಟ್ಟೆ ಬಿಚ್ಚಿ, ಒಂದು ತುಣುಕು ಬೆಲ್ಲ ತೆಗೆದು, ಅವನ ಮುಂದೆ ಹಿಡಿದರು.

ಶಂಭುಲಿಂಗ ಕೈ ಚಾಚಲಾರದೆ ಹೋದ.

"ನನಗ ಬ್ಯಾಡ್ರಿ ಅಜ್ಜಾರ. ಕೆಳಗ ಏನೂ ಆಗಿಲ್ಲ. ಸುಮ್ಮಸುಮ್ಮನ ಹೆದರಿದೆ."

ಅಜ್ಜ ಅವನ ಕೈ ಹಿಡಿದು, ಬೆರಳು ಬಿಡಿಸಿ, ಬೆಲ್ಲವನ್ನು ಅಂಗೈಯಲ್ಲಿಟ್ಟರು. ಬೆರಳುಗಳಿಗೆ ಉಗುರು ಇನ್ನೂ ಬಂದಿರಲಿಲ್ಲ.

"ದ್ಯಾಮಣ್ಣಗ ಕೊಡಲಾರದ್ದು ನನ್ನ ಬಾಯಾಗ ಹೆಂಗ ಇಳದೀತ್ರಿ?"

ಫಕೀರಪ್ಪ ನೋಡುತ್ತಿದ್ದ. ನಾಳೆ ಇಳಿಯಬೇಕಾದ ಆಳುಗಳು ನೋಡುತ್ತಿದ್ದರು. ನಿಂಬೆವ್ವ ಅವನ ಮುಖ ನೋಡಲಿಲ್ಲ, ಅವನ ಅಂಗೈಯನ್ನೇ ನೋಡುತ್ತಿದ್ದಳು.

"ತಿನ್ನು ತಮ್ಮಾ," ಅಂದರು ಅಜ್ಜ. "ಎಲ್ಲಾರೂ ನೋಡಾಕತ್ತಾರ."